ಆಪ್ತವಾಕ್ಯವೂ ದೂರದರ್ಶನವೂ

ವಾಲ್ಟರ್ ಕ್ರಾಂಕೈಟರು 1962ನೆಯ ಇಸವಿಯ ಏಪ್ರಿಲಿನಿಂದ 1981ರ ಮಾರ್ಚಿಯವರೆಗೆ ಅಮೆರಿಕದ ಸಿ.ಬಿ.ಎಸ್. ಸಂಸ್ಥೆಯ ಸಾಯಂಕಾಲದ ದೂರದರ್ಶನ ವಾರ್ತೆಯನ್ನು ನಡೆಯಿಸಿದವರು. 1916ರಲ್ಲಿ ಮಿಸೌರಿ ಪ್ರಾಂತದಲ್ಲಿ ಹುಟ್ಟಿ, 2009ರಲ್ಲಿ ತೀರಿಕೊಂಡರು. ‘ಎ ರಿಪೋರ್ಟರ್ಸ್ ಲೈಫ್’ ಎಂಬ ಇವರ ಆತ್ಮವೃತ್ತವು 1996ರಲ್ಲಿ ಪ್ರಕಟವಾಯಿತು. ಒಬ್ಬ ವಾರ್ತಾವಾಚಕನ ಮಾತನ್ನು ಒಂದು ದೇಶಕ್ಕೆ ದೇಶವೇ ಹೇಗೆ ನಂಬಿತು ಎಂಬುದನ್ನು ಅರಿಯಬಯಸುವವರಿಗೆ ಈ ಗ್ರಂಥವು ಬಹಳ ಉಪಯುಕ್ತವಾದುದು. ಆದರೆ ಅದನ್ನು ಎಚ್ಚರದಿಂದ ಓದಬೇಕು.

ಶಬ್ದಪ್ರಮಾಣವೆಂದರೆ ಆಪ್ತನ ಉಪದೇಶವೆಂದು ನೈಯಾಯಿಕರ ಮತ. ಆಪ್ತನೆಂದರೆ ವಿಷಯವನ್ನು ತಾನೇ ಸಾಕ್ಷಾತ್ತಾಗಿ ತಿಳಿದು, ತಿಳಿದುದನ್ನು ಇದ್ದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಹೇಳಿರುವುದರಿಂದ, ಮಿಸೌರಿಯ ಒಬ್ಬ ಸುದ್ದಿಗಾರನನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಶಾಸ್ತ್ರವಿರುದ್ಧವಾಗಲಾರದು.

ದೂರದರ್ಶನದ ವಿಷಯ ಬಂದೊಡನೆ ಸಂಜಯನನ್ನು ಸ್ಮರಿಸುವ ವಾಡಿಕೆ ನಮ್ಮಲ್ಲಿ ಬೆಳೆದಿದೆ. ಹೋಲಿಕೆಯೇನೋ ಸೊಗಸಾದುದೇ; ಆದರೆ ಮುಖ್ಯವಾದ ಎಡೆಯಲ್ಲಿ ಅದು ಕುಂಟುತ್ತದೆ. ಧೃತರಾಷ್ಟ್ರನು ಕುರುಡನು, ತಾನು ಕೇಳುತ್ತಿರುವುದು ಇನ್ನೊಬ್ಬನ ಮಾತೆಂಬುದು ಅವನಿಗೆ ಗೊತ್ತು. ದೂರದರ್ಶನದ ಮುಂದೆ ಕುಳಿತವನಿಗಾದರೋ ಕಣ್ಣುಂಟು. ರಣರಂಗವನ್ನು ತಾನೇ ಕಂಡೆನೆಂದು ಅವನು ಭಾವಿಸುತ್ತಾನೆ. ಯಾವ ಚಿತ್ರವನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂದು ಬೇರೊಬ್ಬನು ಮೊದಲೇ ನಿಶ್ಚಯಿಸಿರುವನೆಂಬುದು ಅವನ ನೆನಪಿನಲ್ಲಿರದು. ಪ್ರತ್ಯಕ್ಷದ ವೇಷವನ್ನು ತೊಟ್ಟು ಬಂದಿರುವ ಶಬ್ದವೇ ದೂರದರ್ಶನ. ಆದುದರಿಂದ ಅಲ್ಲಿ ಹೇಳುವವನ ಆಪ್ತತ್ವವು ಮುದ್ರಿತ ಪತ್ರಿಕೆಯಲ್ಲಿರುವುದಕ್ಕಿಂತ ಹೆಚ್ಚಾಗಿಯೇ ಬೇಕು.

ಆ ಆಪ್ತತ್ವವು ಕ್ರಾಂಕೈಟರಿಗೆ ಬಂದುದು ಛಾಯಾಯಂತ್ರದ ಮುಂದಲ್ಲ. ತಾರುಣ್ಯದಲ್ಲಿ ಅವರು ಕಾನ್ಸಾಸ್ ಪಟ್ಟಣದ ಒಂದು ರೇಡಿಯೋ ನಿಲಯದಲ್ಲಿದ್ದರು. ಪುರಭವನಕ್ಕೆ ಬೆಂಕಿ ಬಿದ್ದು ಅಗ್ನಿಶಾಮಕದಳದವರು ಸತ್ತರೆಂದು ನಿಲಯದ ಅಧಿಕಾರಿಗೆ ಅವನ ಹೆಂಡತಿಯಿಂದ ಸುದ್ದಿ ಬಂದಿತು. ಒಡನೆಯೇ ಪ್ರಸಾರಮಾಡೆಂದು ಅವನ ಅಪ್ಪಣೆಯಾಯಿತು. ಕ್ರಾಂಕೈಟರು ಮೊದಲು ವಿಚಾರಿಸುವೆನೆಂದು ದೂರವಾಣಿಯನ್ನೆತ್ತಿಕೊಂಡರು. ಅಧಿಕಾರಿಗೆ ತಾಳ್ಮೆ ಸಾಲದೆ, ತಾನೇ ಹೋಗಿ ಸುದ್ದಿಯನ್ನು ಸಾರಿಬಿಟ್ಟನು. ಅಲ್ಲಿ ಯಾರೂ ಸತ್ತಿರಲಿಲ್ಲ. ಕೆಲಸವನ್ನು ಕಳೆದುಕೊಂಡವರು ಮಾತ್ರ ಕ್ರಾಂಕೈಟರೇ! ಆಮೇಲೆ ಯುನೈಟೆಡ್ ಪ್ರೆಸ್ ಎಂಬ ತಂತಿವಾರ್ತಾಸಂಸ್ಥೆಯಲ್ಲಿ ದುಡಿದ ವರ್ಷಗಳ ವರ್ಣನೆಯಲ್ಲಿಯೂ ಇದೇ ಶ್ರದ್ಧೆ ಕಾಣುತ್ತದೆ. ಗ್ರಂಥದಲ್ಲೆಲ್ಲ ಜೀವಂತವಾಗಿರುವ ಪುಟಗಳು ಇವೇ.

1963ರ ನವೆಂಬರ್ 22ರ ದಿನವನ್ನು ಇದರೊಡನೆ ಸೇರಿಸಿ ಓದಬೇಕು. ಅಧ್ಯಕ್ಷ ಕೆನೆಡಿಯವರು ಮೃತರಾದರೆಂಬ ಸುದ್ದಿಗಳು ಡಲ್ಲಾಸ್ ನಗರದಿಂದ ಒಂದರ ಮೇಲೊಂದು ಬರುತ್ತಿದ್ದವು. ಅವು ಇನ್ನೂ ದೃಢಪಟ್ಟಿಲ್ಲವೆಂದು ಕ್ರಾಂಕೈಟರು ಮತ್ತೆ ಮತ್ತೆ ಎಚ್ಚರಿಸಿದರು. ನಿಶ್ಚಿತವಾದ ವಾರ್ತೆ ಕೈಗೆ ಬಂದ ಮೇಲೆ ಅದನ್ನು ಓದಿ, ಕನ್ನಡಕವನ್ನು ತೆಗೆದು ಗಡಿಯಾರದ ಕಡೆಗೆ ನೋಡಿ, ಕ್ಷಣಕಾಲ ಗಂಟಲು ಕಟ್ಟಿ ನಿಂತರು. ಜನರು ಇಂದಿಗೂ ನೆನೆಯುವುದು ಆ ಕನ್ನಡಕವನ್ನು. ಅದಕ್ಕೂ ಹಿಂದಿನ ಆ ತಡೆಯೇ ದೊಡ್ಡದೆಂದು ಬಲ್ಲವರು ಹೇಳಿಯಾರು.

ಇನ್ನು ವಿಯೆಟ್ನಾಮಿನ ಪ್ರಕರಣ. ಅಲ್ಲಿಗೆ ಹೋಗಿ ನೋಡಿ ಬಂದು, 1968ರ ಫೆಬ್ರವರಿ 27ರಂದು, ಈ ಯುದ್ಧವು ಗೆಲವೂ ಸೋಲೂ ಇಲ್ಲದೆ ನಿಲ್ಲುವಂಥದು, ಸಂಧಾನವೇ ದಾರಿ ಎಂದು ಕ್ರಾಂಕೈಟರು ಬಹಿರಂಗವಾಗಿ ನುಡಿದರು. ವಾರ್ತೆ ಹೇಳುವವನು ತನ್ನ ಮತವನ್ನು ಹೇಳಬಹುದೇ? ಇದು ನನ್ನ ಮತವೆಂದು ಅವರು ಬೇರೆಯಾಗಿಯೇ ತಿಳಿಸಿದರಾದ ಕಾರಣ ಇದರಲ್ಲಿ ದೋಷವೆಣಿಸುವಂತಿಲ್ಲ. ದೋಷವಿರುವುದು ಮುಂದೆ. ಅಧ್ಯಕ್ಷ ಜಾನ್ಸನರು ಆ ಕಾರ್ಯಕ್ರಮವನ್ನು ನೋಡಿ ಯಂತ್ರವನ್ನು ಆರಿಸಿ, ಕ್ರಾಂಕೈಟನೇ ಕೈತಪ್ಪಿದಮೇಲೆ ದೇಶದ ಸಾಮಾನ್ಯ ಜನವೂ ಕೈತಪ್ಪಿದಂತೆಯೇ ಎಂದು ಖೇದಪಟ್ಟರೆಂಬ ಕಥೆಯನ್ನು, ಅಧ್ಯಕ್ಷರ ಸಹಾಯಕರೊಬ್ಬರ ಬಾಯಿಂದ ಬಂದುದೆಂದು ಗ್ರಂಥದಲ್ಲಿ ಸೇರಿಸಿಕೊಂಡಿದ್ದಾರೆ. ಆ ರಾತ್ರಿ ಪ್ರಸಾರದ ಹೊತ್ತಿನಲ್ಲಿ ಜಾನ್ಸನರು ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ, ಅಲ್ಲಿನ ಗವರ್ನರ ಹುಟ್ಟುಹಬ್ಬದ ಸಮಾರಂಭದಲ್ಲಿದ್ದರೆಂದು ಜೋಸೆಫ್ ಕ್ಯಾಂಬೆಲ್ ಎಂಬ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದ್ದಾರೆ. ಕಥೆಯ ಪರಿಣಾಮವನ್ನು ಕ್ರಾಂಕೈಟರು ಹಿಗ್ಗಿಸಿ ಹೇಳಿಲ್ಲವೆಂಬುದು ನಿಜ. ಆದರೂ ಬೆಂಕಿಯ ಸುದ್ದಿಗೆ ದೂರವಾಣಿಯನ್ನೆತ್ತಿದ ತರುಣನು, ತನ್ನ ಹಿರಿಮೆಯ ಸುದ್ದಿಗೆ ಅದನ್ನೆತ್ತಲಿಲ್ಲ. ಆತ್ಮವೃತ್ತವನ್ನು ಬರೆಯುವವರೆಲ್ಲರಿಗೂ ಕಾದಿರುವ ಕಂಟಕವಿದು. ಆಪ್ತನೆನಿಸಿಕೊಂಡವನಲ್ಲಿ ಕಂಡಾಗ ಹೆಚ್ಚು ನೋಯಿಸುತ್ತದೆ.

ನಾವೆಯ ವಿಹಾರಾದಿಗಳ ಪುಟಗಳನ್ನು ಅವಸರವುಳ್ಳವರು ದಾಟಬಹುದು. ತಮ್ಮ ವೃತ್ತಿಯ ಮಿತಿಯನ್ನು ಕುರಿತು ಹೇಳಿರುವುದನ್ನು ಮಾತ್ರ ದಾಟಕೂಡದು. ಹದಿನೈದು ನಿಮಿಷದ ವಾರ್ತೆಯು 1963ರ ಸೆಪ್ಟೆಂಬರಿನಲ್ಲಿ ಅರ್ಧ ಗಂಟೆಯದಾಯಿತು. ಹಾಗಾದರೂ ಅದರಲ್ಲಿ ಆಡುವ ಮಾತೆಲ್ಲವನ್ನೂ ಅಚ್ಚುಹಾಕಿದರೆ ಒಂದು ಪತ್ರಿಕೆಯ ಮೊದಲ ಪುಟವೂ ತುಂಬದೆಂದೂ, ಇಷ್ಟನ್ನೇ ನಂಬಿ ಪ್ರಜೆಗಳು ರಾಜ್ಯಭಾರದ ವಿಷಯದಲ್ಲಿ ತೀರ್ಮಾನಕ್ಕೆ ಬರಬಾರದೆಂದೂ ಅವರ ವಾದ. ತನ್ನ ಅಂಗಡಿಯ ಸರಕು ಸಾಲದು, ಪಕ್ಕದ ಅಂಗಡಿಗೂ ಹೋಗಿ ಎನ್ನುವ ವರ್ತಕನನ್ನು ಯಾವ ಪೇಟೆಯಲ್ಲಿ ಕಂಡೇವು! ವಾರ್ತೆಯು ವಿನೋದದ ಕಡೆಗೆ ಜಾರುತ್ತಿರುವುದನ್ನು ಕಂಡು ಅವರು ಪಟ್ಟ ಸಂಕಟವೂ, 1981ರ ನಂತರ ಹಳೆಯ ಸಂಸ್ಥೆಯಲ್ಲಿ ತಮ್ಮನ್ನು ಯಾರೂ ಕೇಳುವವರಿಲ್ಲದಾಯಿತೆಂಬ ಕೊರಗೂ ಕಡೆಯ ಅಧ್ಯಾಯಗಳಲ್ಲಿ ಬೆರೆತುಹೋಗಿವೆ. ಎರಡನ್ನೂ ಬಿಡಿಸಿ ಬರೆಯಲು ಗ್ರಂಥಕರ್ತರು ಪ್ರಯತ್ನಪಟ್ಟಂತೆ ತೋರುವುದಿಲ್ಲ.