ಮೂರು ಪ್ರತಿ, ಯಾವುದರ ಪ್ರತಿ?

ಫೋಟೊ ಸಂಗ್ರಹ ಕಾಪಾಡಿಕೊಳ್ಳುವ ಮಾತು ಬಂದಾಗಲೆಲ್ಲ ನಮ್ಮ ತಂತ್ರಜ್ಞಾನ ಅಂಕಣಗಳು ಒಂದೇ ಸೂತ್ರ ಹೇಳುತ್ತವೆ: 3-2-1. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದಾದರೂ ಬೇರೆ ಜಾಗದಲ್ಲಿರಲಿ. ಈ ಸೂತ್ರಕ್ಕೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಗಿಂತ ಬಹಳ ದೊಡ್ಡದು ಎಂಬುದು ನನ್ನ ನಿಲುವು. ಸೂತ್ರದಲ್ಲಿ ಸುಳ್ಳಿಲ್ಲ. ಹಾರ್ಡ್ ಡಿಸ್ಕ್ ಒಂದು ದಿನ ಕೆಡುತ್ತದೆ, ವರ್ಷಗಟ್ಟಲೆ ಕರೆಂಟು ಕಾಣದ ಪೆನ್ ಡ್ರೈವ್ ತನ್ನೊಳಗಿನದನ್ನು ಮೆಲ್ಲಗೆ ಕಳೆದುಕೊಳ್ಳುತ್ತದೆ, ಸಿ.ಡಿ.ಯ ಬಣ್ಣ ಬಿಸಿಲಿಗೆ ಸಾಯುತ್ತದೆ. ಇದೆಲ್ಲ ಓದುಗರಿಗೆ ಗೊತ್ತು. ನನ್ನ ತಕರಾರು ಬೇರೆ. ಈ ಸೂತ್ರ ಎಷ್ಟು ಪ್ರತಿ ಎಂದು ಕೇಳುತ್ತದೆ, ಯಾವುದರ ಪ್ರತಿ ಎಂದು ಕೇಳುವುದೇ ಇಲ್ಲ. ಬೀಳಗಿ ತಾಲ್ಲೂಕಿನ ಅನಗವಾಡಿಯಂಥ ಊರಿಗೆ ಕೇಳಬೇಕಾದದ್ದು ಎರಡನೆಯ ಪ್ರಶ್ನೆ.

ಅನಗವಾಡಿ ಘಟಪ್ರಭೆಯ ದಂಡೆಯ ಊರು. ವಿಜಯಪುರದಿಂದ ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ ಹೋಗುವವರು ಅಲ್ಲಿಯ ಸೇತುವೆ ದಾಟುತ್ತಾರೆ. ಆಲಮಟ್ಟಿ ಅಣೆಕಟ್ಟೆಯಲ್ಲಿ 519.60 ಮೀಟರಿಗೆ ನೀರು ನಿಂತ ಮೇಲೆ ಈ ಸೀಮೆಯ ಊರು, ಹೊಲ, ಗುಡಿ, ಗೋರಿಗಳಿಗೆ ಏನಾಯಿತು ಎಂದು ಬಾಗಲಕೋಟೆ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ನೀರಿಗೆ ಹೋದವು, ನವನಗರ ಎದ್ದಿತು. ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ಅಂದರೆ ಮುಳುಗಡೆಯ ಮಾತು ಇನ್ನೂ ಮುಗಿದಿಲ್ಲ. ನಡುವೆ 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಕೃಷ್ಣೆ ಒಟ್ಟಿಗೆ ಉಕ್ಕಿ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ದಂಡೆಯ ಊರುಗಳ ಮನೆಗಳಿಗೆ ನುಗ್ಗಿದವು. ಇಂಥ ಕಡೆ ಫೋಟೊ ಎರಡು ಕೆಲಸ ಮಾಡುತ್ತದೆ. ಹೋದ ಮನೆಯ ನೆನಪಾಗುತ್ತದೆ. ಆ ಮನೆ ಇತ್ತು, ಇಲ್ಲಿಯೇ ಇತ್ತು, ಇಷ್ಟು ಅಂಕಣದ್ದಿತ್ತು ಎನ್ನುವುದಕ್ಕೆ ಸಾಕ್ಷಿಯೂ ಆಗುತ್ತದೆ.

ಆ ಫೋಟೊ ಈಗ ಎಲ್ಲಿವೆ? ಕೇಳಿದರೆ ಬರುವ ಉತ್ತರ: “ಎಲ್ಲಾ ಗೂಗಲ್‌ದಾಗ ಅದಾವ್ರಿ.” ಈ ಭರವಸೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಪುಕ್ಕಟೆ ಇಡುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಪುಕ್ಕಟೆಯಾಗಿ ಸಿಗುವ 15 ಜಿ.ಬಿ.ಯನ್ನು ಮೇಲ್, ಡ್ರೈವ್, ಫೋಟೊ ಮೂರೂ ಹಂಚಿಕೊಳ್ಳಬೇಕು. ತುಂಬಿದ ದಿನದಿಂದ ಹೊಸ ಫೋಟೊ ಮೇಲೆ ಹೋಗುವುದಿಲ್ಲ, ಅದನ್ನು ಹೇಳುವ ಸೂಚನೆಯನ್ನು ಯಾರೂ ಓದುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಅಳಿಸಿದ್ದು ಮೇಲಿಂದಲೂ ಅಳಿಯುತ್ತದೆ. ಎರಡು ವರ್ಷ ಬಳಸದ ಖಾತೆಯನ್ನು ಕಂಪನಿ ಅಳಿಸಬಹುದು. ಅಜ್ಜನ ಖಾತೆಯನ್ನು ಮೊಮ್ಮಗ ತೆರೆದುಕೊಟ್ಟಿರುತ್ತಾನೆ, ಪಾಸ್‌ವರ್ಡ್ ಮೊಮ್ಮಗನಿಗೂ ಮರೆತಿರುತ್ತದೆ. ಅಜ್ಜ ತೀರಿಕೊಂಡ ಮೇಲೆ ಆ ಎರಡು ವರ್ಷ ಎಣಿಸುವವರು ಯಾರೂ ಇರುವುದಿಲ್ಲ.

ಆದರೆ ದೊಡ್ಡ ನಷ್ಟ ಇದಕ್ಕೂ ಮೊದಲೇ ಆಗಿರುತ್ತದೆ. ಅದನ್ನು ತೋರಿಸಲು ಒಂದು ಫೈಲಿನ ಹೆಸರು ಸಾಕು. ನಮ್ಮ ಕಡೆಯ ಯಾವ ಫೋನ್ ತೆರೆದರೂ ಇಂಥವು ಸಿಗುತ್ತವೆ: ಐಎಂಜಿ-20190809-ಡಬ್ಲ್ಯುಎ0014. ಮೊದಲ ಮೂರಕ್ಷರ ಚಿತ್ರವೆನ್ನುತ್ತವೆ. ಎಂಟು ಅಂಕಿ ತಾರೀಖು. ಡಬ್ಲ್ಯುಎ ಅಂದರೆ ವಾಟ್ಸ್‌ಆ್ಯಪ್. ಕೊನೆಯ ನಾಲ್ಕಂಕಿ ಆ ದಿನದ ಸರಣಿ ಸಂಖ್ಯೆ. ಮೇಲುನೋಟಕ್ಕೆ ಅಚ್ಚುಕಟ್ಟಾದ ದಾಖಲೆ. 2019ರ ಆಗಸ್ಟ್ 9, ನೆರೆ ಏರಿದ ದಿನಗಳು, ಹದಿನಾಲ್ಕನೆಯ ಚಿತ್ರ ಎಂದು ಓದಿ ನಂಬಿಬಿಡುತ್ತೇವೆ. ನಂಬಬಾರದು. ಆ ತಾರೀಖು ಫೋಟೊ ತೆಗೆದ ದಿನದ್ದಲ್ಲ, ಈ ಫೋನಿಗೆ ಬಂದಿಳಿದ ದಿನದ್ದು. ಹಳೆಯ ಮನೆಯ ಪಡಸಾಲೆಯನ್ನು 2012ರಲ್ಲಿ ಯಾರೋ ತೆಗೆದಿದ್ದರು ಎನ್ನೋಣ. ನೆರೆಯ ದಿನ ಸಂಕಟದಲ್ಲಿ ಅದನ್ನು ಮನೆಯವರ ಗುಂಪಿಗೆ ಹಾಕಿದರು. ಅಂದಿನಿಂದ ಅದು 2019ರ ಫೋಟೊ. ಇನ್ನೊಬ್ಬರಿಗೆ 2021ರಲ್ಲಿ ಕಳಿಸಿದರೆ ಅವರ ಫೋನಿನಲ್ಲಿ ಅದೇ 2021ರ ಫೋಟೊ. ಹತ್ತು ಫೋನಿನಲ್ಲಿ ಹತ್ತು ಹೆಸರು, ಹತ್ತು ಸಂಖ್ಯೆ. ಒಂದಕ್ಕೂ ತೆಗೆದ ದಿನ ಗೊತ್ತಿಲ್ಲ.

ತೆಗೆದ ದಿನ ಎಲ್ಲಿಯೂ ಇರಲಿಲ್ಲವೆಂದಲ್ಲ. ಕ್ಯಾಮೆರಾ ಪ್ರತಿ ಫೋಟೊದ ಹೊಟ್ಟೆಯಲ್ಲಿ ಎಕ್ಸಿಫ್ ಎಂಬ ಟಿಪ್ಪಣಿ ಬರೆದಿಡುತ್ತದೆ: ತೆಗೆದ ದಿನ, ತಾಸು, ನಿಮಿಷ, ಯಾವ ಕ್ಯಾಮೆರಾ, ಜಿಪಿಎಸ್ ಚಾಲೂ ಇದ್ದರೆ ನಿಂತ ಜಾಗದ ಅಕ್ಷಾಂಶ, ರೇಖಾಂಶ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದ ಕ್ಷಣ ಈ ಟಿಪ್ಪಣಿ ಕಿತ್ತುಹೋಗುತ್ತದೆ. ಕಳಿಸುವವರು ಎಲ್ಲಿದ್ದಾರೆಂದು ಪರರಿಗೆ ತಿಳಿಯದಿರುವುದು ಖಾಸಗಿತನಕ್ಕೆ ಒಳ್ಳೆಯದೇ. ಸಂಗ್ರಹಕ್ಕೆ ಮಾತ್ರ ಪ್ರಾಣಘಾತ. ಆಮೇಲೆ ಗೂಗಲ್ ಆ ಫೋಟೊವನ್ನು ಯಾವ ವರ್ಷದ ಕೆಳಗೆ ಇಡಬೇಕು? ಫೈಲಿನ ಹೆಸರನ್ನೋ ಫೋನಿಗೆ ಸೇರಿದ ವೇಳೆಯನ್ನೋ ನಂಬುತ್ತದೆ. ಹೀಗೆ ಮುಳುಗಿದ ಮನೆ, ಮುಳುಗಿದ ಮೇಲಿನ ವರ್ಷದಲ್ಲಿ ನಿಂತಿರುತ್ತದೆ.

ಗಾತ್ರದ ಲೆಕ್ಕವನ್ನೂ ನೋಡಬೇಕು. 12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000ಕ್ಕೆ 3000 ಚುಕ್ಕೆ, ಒಟ್ಟು 1 ಕೋಟಿ 20 ಲಕ್ಷ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದಾಗ ಉದ್ದದ ಬದಿ ಸುಮಾರು 1600 ಚುಕ್ಕೆಗೆ ಇಳಿಯುತ್ತದೆ. 1600ಕ್ಕೆ 1200, ಒಟ್ಟು 19 ಲಕ್ಷ 20 ಸಾವಿರ. ಆರು ಪಾಲಿನಲ್ಲಿ ಐದು ಪಾಲು ಹೋಯಿತು. ಉಳಿದದ್ದನ್ನೂ ಮತ್ತೆ ಹಿಂಡಿ ಜೆಪೆಗ್ ಮಾಡುತ್ತದೆ. ಫೋನಿನ ಪರದೆಯಲ್ಲಿ ಮುಖ ಚೆನ್ನಾಗಿಯೇ ಕಾಣುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹೋದದ್ದು ಹಿಂದಿನ ಗೋಡೆ: ಬಾಗಿಲ ಚೌಕಟ್ಟಿನ ಮೇಲೆ ಕೆತ್ತಿದ ಇಸವಿ, ಅಂಗಡಿಯ ಫಲಕ, ಗುಡಿಯ ಕಲ್ಲಿನ ಅಕ್ಷರ, ಜಂತಿಯ ಎಣಿಕೆ. ಮುಳುಗಡೆ ಊರಿನವರಿಗೆ ನಾಳೆ ಬೇಕಾಗುವುದು ಈ ಹಿಂದಿನ ಗೋಡೆಯೇ. 2023ರಲ್ಲಿ ಎಚ್‌ಡಿ ಆಯ್ಕೆ ಬಂದಿತು. ಚುಕ್ಕೆ ಹೆಚ್ಚು ಉಳಿಯುತ್ತವೆ, ಆದರೂ ಅದು ಮೂಲವಲ್ಲ. ಅದೇ ಆ್ಯಪ್‌ನಲ್ಲಿ ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಒಂದು ಚುಕ್ಕೆಯೂ ಕದಲದೆ, ಟಿಪ್ಪಣಿಯೂ ಉಳಿದು ಹೋಗುತ್ತದೆ. ಒಂದು ಗುಂಡಿ ಆಚೆ ಇರುವ ಈ ದಾರಿಯನ್ನು ನಮ್ಮ ಅಂಕಣಗಳು 3-2-1 ಹೇಳಿದಷ್ಟು ಸಲ ಹೇಳಿದ್ದರೆ ಎಷ್ಟು ಮನೆಗಳ ಗೋಡೆ ಉಳಿಯುತ್ತಿತ್ತು!

ಸಾಕ್ಷಿಯ ವಿಷಯ ಇನ್ನೂ ಗಟ್ಟಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ, ಅದರ ನಮೂನೆಯಲ್ಲಿ ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆ ಬರೆಯಬೇಕು. ಫೈಲಿನ ಒಂದು ಬಿಟ್ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿ ಬಂದ ಚಿತ್ರದ ಮೂರು ಪ್ರತಿ ಇಟ್ಟುಕೊಂಡರೆ ನಾಲ್ಕನೆಯ ಕೈಯ ಹ್ಯಾಶ್ ಮೂರು ಕಡೆ ಭದ್ರವಾಗಿರುತ್ತದೆ. ಹೊಟ್ಟನ್ನು ಮೂರು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದಂತೆ.

ಇಲ್ಲಿ ಕಡೆಗಣಿಸಿದ ಒಂದು ಪದ್ಧತಿಗೆ ಮನ್ನಣೆ ಕೊಡಲೇಬೇಕು. ಬಿದ್ದ ಮನೆಯ ಫೋಟೊ ತೆಗೆಯಲು ಬರುವವರು ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸುತ್ತಾರೆ. ಚಿತ್ರದ ಕೆಳಗೆ ಊರು, ತಾರೀಖು, ಅಕ್ಷಾಂಶ ದಪ್ಪ ಅಕ್ಷರದಲ್ಲಿ ಒತ್ತಿರುತ್ತದೆ. ಛಾಯಾಗ್ರಹಣದ ಅಭಿರುಚಿಯುಳ್ಳವರಿಗೆ ಇದು ಚಿತ್ರ ಕೆಡಿಸುವ ಕೆಲಸವಾಗಿ ಕಾಣುತ್ತದೆ. ಆದರೆ ಆ ಬರಹ ಚುಕ್ಕೆಗಳಲ್ಲೇ ಬೆರೆತಿರುವುದರಿಂದ ಎಷ್ಟು ಕೈ ದಾಟಿದರೂ ಅಳಿಯುವುದಿಲ್ಲ. ಮುಳುಗಡೆಯ ಸೀಮೆಯಲ್ಲಿ ನಾನು ಅಭಿರುಚಿಯ ಪಕ್ಷ ಹಿಡಿಯಲಾರೆ.

3-2-1 ಸೂತ್ರವನ್ನು ಬಳಕೆಗೆ ತಂದ ಹೆಸರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರದು. ಅವರ ‘ದಿ ಡ್ಯಾಮ್ ಬುಕ್’ (ಇಲ್ಲಿ ಡ್ಯಾಮ್ ಅಂದರೆ ಅಣೆಕಟ್ಟಲ್ಲ, ಡಿಜಿಟಲ್ ಅಸೆಟ್ ಮ್ಯಾನೇಜ್‌ಮೆಂಟ್) 2005ರಲ್ಲಿ ಬಂತು. ಅದು ಬರೀ ಬ್ಯಾಕಪ್‌ನ ಪುಸ್ತಕವಲ್ಲ. ಫೋಟೊಕ್ಕೆ ಹೆಸರಿಡುವುದು, ಟಿಪ್ಪಣಿ ಬರೆಯುವುದು, ವಿಂಗಡಿಸುವುದು, ಪಟ್ಟಿ ಮಾಡುವುದು ಅದರ ಮುಖ್ಯ ಕಾಳಜಿ. ತಮ್ಮ ಮೂಲ ಫೈಲು ತಮ್ಮ ಕೈಯಲ್ಲೇ ಇರುವ ವೃತ್ತಿಯವರಿಗಾಗಿ ಬರೆದದ್ದು. ಆ ಎಲ್ಲ ದುಡಿಮೆಯನ್ನು ಬದಿಗಿಟ್ಟು ಮೂರು ಅಂಕಿಗಳನ್ನಷ್ಟೇ ಹೆಕ್ಕಿ ಕನ್ನಡಕ್ಕೆ ತಂದ ಅಂಕಣಕಾರರು ಮೂಲವನ್ನೇ ಬಿಟ್ಟು ಬಂದರು. ಫಿಲ್ಮಿನ ಕಾಲದಲ್ಲಿ ಈ ಗೊಂದಲ ಇರಲಿಲ್ಲ. ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಪೀಳಿಗೆಗೆ ನೆಗೆಟಿವ್ ಅಂದರೆ ಮೂಲ, ಅಚ್ಚು ಅಂದರೆ ಪ್ರತಿ. ಕಣ್ಣಿಗೇ ಕಾಣುವ ವ್ಯತ್ಯಾಸ. ಫೋನಿನಲ್ಲಿ ಮೂಲವೂ ಪ್ರತಿಯೂ ಒಂದೇ ಅಳತೆಯ ಚೌಕದಲ್ಲಿ ಅಕ್ಕಪಕ್ಕ ಕೂತಿರುತ್ತವೆ.

ಇನ್ನೊಂದು ಬಣದೊಡನೆಯೂ ನನಗೆ ಜಗಳವಿದೆ. ‘ಡಿಜಿಟಲ್ ನಂಬಬೇಡಿ, ಎಲ್ಲ ಪ್ರಿಂಟ್ ಹಾಕಿಸಿ ಆಲ್ಬಮ್ ಮಾಡಿ’ ಎನ್ನುವವರು. ಈ ಸಲಹೆ ಬೆಟ್ಟದ ಮೇಲಿನ ಮನೆಯಿಂದ ಬಂದದ್ದು. ನೆರೆ ನುಗ್ಗಿದ ಮನೆಯ ಟ್ರಂಕಿನಲ್ಲಿ ಆಲ್ಬಮ್ ಏನಾಗುತ್ತದೆ? ಬಣ್ಣದ ಪ್ರಿಂಟಿನ ಮೇಲ್ಪದರ ಜೆಲಟಿನ್; ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಎದುರು ಪುಟದ ಚಿತ್ರಕ್ಕೆ ಅಂಟಿಕೊಳ್ಳುತ್ತದೆ, ಎಳೆದರೆ ಎರಡು ಮುಖವೂ ಕಿತ್ತುಬರುತ್ತವೆ. ಒಣಗಲು ಬಿಡದೆ ತಣ್ಣನೆಯ ಶುದ್ಧ ನೀರಿನಲ್ಲಿಟ್ಟು, ಒಂದೆರಡು ದಿನದೊಳಗೆ ನೀರಿನಲ್ಲೇ ಬಿಡಿಸಿ, ಮುಖ ಮೇಲೆ ಮಾಡಿ ನೆರಳಲ್ಲಿ ಹರವಿದರೆ ಎಷ್ಟೋ ಉಳಿಯುತ್ತವೆ. ಕಾಳಜಿ ಕೇಂದ್ರದಲ್ಲಿ ಮಕ್ಕಳನ್ನು ಮಲಗಿಸಲು ಜಾಗ ಹುಡುಕುತ್ತಿರುವ ತಾಯಿ ಆ ಹೊತ್ತಿನಲ್ಲಿ ಇದನ್ನು ಮಾಡಲಾದೀತೇ? ಪ್ರಿಂಟ್ ಹಾಕಿಸಬೇಕು, ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆಯಬೇಕು, ಒಪ್ಪುತ್ತೇನೆ. ಅದೇ ಕಾವಲು ಎಂದರೆ ಒಪ್ಪುವುದಿಲ್ಲ.

‘ಸಾವಿರಾರು ಫೋಟೊ ಏಕೆ, ಒಳ್ಳೆಯ ನಾಲ್ಕು ಇಟ್ಟುಕೊಂಡು ಉಳಿದದ್ದು ಅಳಿಸಿ’ ಎನ್ನುವವರೂ ಇದ್ದಾರೆ. ಒಳ್ಳೆಯದು ಎಂದು ಯಾರು ತೀರ್ಮಾನಿಸಬೇಕು? ಕುಬಸದ ದಿನ ಅತ್ತೆ ಅಲುಗಾಡಿ ಮಸುಕಾದ ಚಿತ್ರದಲ್ಲಿ ಮಾತ್ರ ಅಡುಗೆಮನೆಯ ಒಲೆ ಮತ್ತು ಹಿತ್ತಲ ಬಾಗಿಲು ಕಂಡಿದ್ದರೆ, ಮನೆ ನೀರಿಗೆ ಹೋದ ಮೇಲೆ ಆ ಕೆಟ್ಟ ಫೋಟೊವೇ ಮನೆಯ ಕೊನೆಯ ನಕ್ಷೆ. ಶುಭೋದಯದ ಹೂವು, ಚುನಾವಣೆಯ ಪೋಸ್ಟರು ಧಾರಾಳವಾಗಿ ಹೋಗಲಿ. ಮನೆಯೊಳಗೆ ತೆಗೆದ ಒಂದನ್ನೂ ಮಸುಕಿನ ಕಾರಣಕ್ಕೆ ಅಳಿಸಬಾರದು.

ಸೂತ್ರದ ಕೊನೆಯ ‘ಒಂದು’ ಮಾತ್ರ ನಮ್ಮಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೇರೆ ಜಾಗ ಎಂದರೆ ತಮ್ಮನ ಮನೆ ಎಂದುಕೊಳ್ಳುವವರೇ ಹೆಚ್ಚು. ತಮ್ಮನ ಮನೆ ಅದೇ ಓಣಿಯಲ್ಲಿ, ಅದೇ ಹೊಳೆಯ ದಂಡೆಯಲ್ಲಿ. ಬೇರೆ ಜಾಗವೆಂದರೆ ಬೇರೆ ನೀರಿನ ಮಟ್ಟ. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದ ಮಕ್ಕಳ ಬಳಿ ಒಂದು ಹಾರ್ಡ್ ಡಿಸ್ಕ್ ಇರಲಿ, ಜಾತ್ರೆಗೆ ಬಂದಾಗ ತಂದು ವರ್ಷಕ್ಕೊಮ್ಮೆ ಓಡಿಸಿ ನೋಡಲಿ, ಹೊಸದು ಸೇರಿಸಲಿ, ಹಿರಿಯರನ್ನು ಕೂರಿಸಿಕೊಂಡು ಯಾರು, ಯಾರ ಮನೆ, ಯಾವ ವರ್ಷ ಎಂದು ಕೇಳಿ ಫೋಲ್ಡರಿನ ಹೆಸರಿನಲ್ಲೇ ಕನ್ನಡದಲ್ಲಿ ಬರೆಯಲಿ. ಫೋನು ಕೊಟ್ಟ ಸುಳ್ಳು ತಾರೀಖನ್ನು ತಿದ್ದಬಲ್ಲ ಮೂಲ ಈಗ ಆ ಹಿರಿಯರೊಬ್ಬರೇ.

ಇನ್ನು ನಮ್ಮ ಪಟ್ಟಣಗಳ ಫೋಟೊ ಸ್ಟುಡಿಯೋಗಳು. ಬೀಳಗಿ, ಮುಧೋಳ, ಜಮಖಂಡಿಯ ಲಗ್ನ, ಕುಬಸ, ಗೃಹಪ್ರವೇಶಗಳ ಪೂರ್ಣ ಗಾತ್ರದ, ತಾರೀಖು ಸಹಿತದ ಮೂಲ ಫೈಲು ಇರುವುದು ಅವರ ಡಿಸ್ಕಿನಲ್ಲಿ. ಮನೆಯವರ ಕೈಗೆ ಬರುವುದು ದಪ್ಪ ಹಾಳೆಯ ಆಲ್ಬಮ್, ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ನಾಲ್ಕಾರು ಚಿತ್ರ. ಬಾಕಿ ಹಣ ಸಂದಾಯವಾಗಿ ಆಲ್ಬಮ್ ಹೋದ ಮೇಲೆ, ಮುಂದಿನ ಲಗ್ನದ ಹಂಗಾಮಿಗೆ ಜಾಗ ಬೇಕೆಂದು ಎಷ್ಟೋ ಕಡೆ ಡಿಸ್ಕ್ ಫಾರ್ಮ್ಯಾಟ್ ಆಗುತ್ತದೆ. ಸ್ಟುಡಿಯೋದವರನ್ನು ದೂರಿ ಫಲವಿಲ್ಲ. ಇಟ್ಟುಕೊಳ್ಳಿ ಎಂದು ಅವರಿಗೆ ಯಾರೂ ಹಣ ಕೊಟ್ಟಿಲ್ಲ, ಕೊಡಿ ಎಂದು ಮನೆಯವರೂ ಕೇಳಿಲ್ಲ. ಮುಂಗಡ ಕೊಡುವ ದಿನವೇ ಮಾತಾಗಲಿ: ಆಲ್ಬಮ್ ಜೊತೆ ತಿದ್ದದ ಎಲ್ಲ ಮೂಲ ಫೈಲುಗಳನ್ನು ಮನೆಯವರು ತಂದುಕೊಟ್ಟ ಹಾರ್ಡ್ ಡಿಸ್ಕಿಗೆ ಹಾಕಿಕೊಡಬೇಕು, ಅದಕ್ಕೆ ಬೇರೆ ಹಣ ಕೊಡಬೇಕು, ಮನೆಯವರು ತೆರೆದು ನೋಡಿ ಸರಿಯಿದೆ ಎಂದ ಮೇಲೆಯೇ ಸ್ಟುಡಿಯೋದ ಡಿಸ್ಕ್ ಅಳಿಸಬೇಕು.