ಮರಿಗಳ ಗೋದಲಿಗೆ ರಸಮೇವು

ಸ್ವೀಟ್ ಕಾರ್ನ್ ತೆನೆಯನ್ನು ಎಳೆಯದಾಗಿಯೇ ಮುರಿಯುವುದರಿಂದ ಹೊಲದಲ್ಲಿ ಉಳಿದ ದಂಟು ಇನ್ನೂ ಹಸಿರಾಗಿರುತ್ತದೆ. ಬಿಟ್ಟರೆ ಒಣಗಿ ಬಿರುಸಾಗುವ ಆ ದಂಟನ್ನು ರಸಮೇವು (ಸೈಲೇಜ್) ಮಾಡಿಡುವ ರೈತರ ಕೈಗೆಲಸ ನನಗೆ ಬಲು ಮೆಚ್ಚು.

ದಂಟನ್ನು ತುಸು ಬಾಡಿಸಿ, 2–3 ಸೆಂಟಿಮೀಟರ್ ತುಂಡು ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೋ ಡ್ರಮ್ಮಿಗೋ ಪದರಪದರವಾಗಿ ತುಂಬಿ ತುಳಿದು ಬಾಯಿ ಬಿಗಿಯುತ್ತಾರೆ. ತುಳಿತವೇ ಇಲ್ಲಿ ಜೀವಾಳ. ಗಾಳಿ ಹೊರಟುಹೋದರೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ದಂಟಿನ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿದ ಮೇಲೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬಾಳ್ವೆಯಿಲ್ಲ. ಸುಮಾರು 45 ದಿನಕ್ಕೆ ಬಾಯಿ ಬಿಚ್ಚಿದರೆ ಹಳದಿ ಬೆರೆತ ಹಸಿರು ಬಣ್ಣ, ದೋಸೆಹಿಟ್ಟು ಹದವಾಗಿ ಹುದುಗಿದಾಗಿನಂಥ ಹಿತವಾದ ಹುಳಿವಾಸನೆ. ಈ ವಾಸನೆಯನ್ನು ಮೂಗಿನಲ್ಲೇ ಅಳೆಯಬಲ್ಲವರ ಬಗ್ಗೆ ನನಗೆ ನಿಜವಾದ ಗೌರವ.

ಇದನ್ನು ಮೇಕೆಗೆ ಹಾಕುವುದಕ್ಕೂ ಕಾರಣವಿದೆ: ಮೇಕೆ ಆಯ್ದು ತಿನ್ನುವ ಪ್ರಾಣಿ. ಒಣ ದಂಟು ಹಾಕಿದರೆ ಎಲೆ ಕಿತ್ತು, ಉಳಿದದ್ದನ್ನು ತುಳಿದು ಹಾಳು ಮಾಡುತ್ತದೆ. ರಸಮೇವಿನಲ್ಲಿ ಕಾಂಡದ ಚೂರೂ ಎಲೆಯೂ ಬೆರೆತಿರುವುದರಿಂದ ಗೋದಲಿಯಲ್ಲಿ ಉಳಿಯುವುದು ಕಡಿಮೆ. ಆದರೆ ಬೆಳೆಯುವ ಮರಿಗೆ ಇದೊಂದೇ ಸಾಲದು, ಇದರಲ್ಲಿ ಪ್ರೋಟೀನು ಕಡಿಮೆ. ಕುದುರೆಮಸಾಲೆ ಸೊಪ್ಪು, ಒಂದಿಷ್ಟು ಶೇಂಗಾ ಹಿಂಡಿ ಜೊತೆಗಿರಲೇಬೇಕು.

ಮೊದಲು ಹಿಡಿಯಷ್ಟೇ ಕೊಟ್ಟು ರೂಢಿ ಮಾಡಿಸಿ. ಬೂಷ್ಟು ಹಿಡಿದದ್ದನ್ನು ಮಾತ್ರ ಕರುಣೆಯಿಲ್ಲದೆ ಎಸೆಯಿರಿ: ಕೆಟ್ಟ ರಸಮೇವಿನಿಂದ ಬರುವ ಲಿಸ್ಟೀರಿಯಾ ಸೋಂಕು ಮೇಕೆಯ ಜೀವ ತೆಗೆಯಬಲ್ಲದು.