ಕೆರೆಯ ಶಾಸ್ತ್ರ, ಊರಿನ ಸಾಕ್ಷಿ

ಪಿಎಚ್.ಡಿ. ಪದವಿ ಕೈಗೆ ಬಂದ ತರುವಾಯ ಮಹಾಪ್ರಬಂಧದ ಗತಿಯೇನಾಗುವುದೆಂಬುದನ್ನು ನಮ್ಮ ವಿಮರ್ಶೆ ಅಷ್ಟಾಗಿ ವಿಚಾರಿಸಿದಂತೆ ಕಾಣುವುದಿಲ್ಲ. ಪ್ರಬಂಧದ ವಾದಸರಣಿಯನ್ನೂ ಆಧಾರಗಳನ್ನೂ ಪರೀಕ್ಷಕರು ಒರೆಗೆ ಹಚ್ಚುತ್ತಾರೆ. ಅಲ್ಲಿಗೆ ಪರೀಕ್ಷೆ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನೂ ಒಪ್ಪಿಸತಕ್ಕದ್ದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರ ನಿಯಮಾವಳಿಯಲ್ಲಿ ವಿಧಿಸಿತು. ‘ಶೋಧಗಂಗಾ’ ಎಂಬ ಭಂಡಾರದಲ್ಲಿ ಇಂದು ಯಾರು ಬೇಕಾದರೂ ಸಹಸ್ರಾರು ಪ್ರಬಂಧಗಳನ್ನು ಓದಬಹುದು. ಇದು ಸಣ್ಣ ಉಪಕಾರವಲ್ಲ. ಆದರೆ ತಂತ್ರವಿದ್ಯೆಗೂ ಸಮಾಜಕ್ಕೂ ಇರುವ ಸಂಬಂಧವನ್ನು ಕುರಿತ ಪ್ರಬಂಧಕ್ಕೆ ಇಷ್ಟು ಸಾಲದು. ಅಂಥ ಪ್ರಬಂಧದ ಸಾಕ್ಷಿಗಳು ಜೀವಂತರು. ಅವರು ಹೇಳಿದುದನ್ನು ನಾವು ಸರಿಯಾಗಿ ಕೇಳಿಸಿಕೊಂಡೆವೆ ಎಂಬುದನ್ನು ಅವರೇ ಹೇಳಬೇಕು.

ಕೋಲಾರ ಸೀಮೆಯ ಕೆರೆಗಳ ವಿಷಯದಲ್ಲಿ ಈ ಮಾತನ್ನು ಪರಿಶೀಲಿಸಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಹೆಸರಿಗೆ ನದಿಗಳು. ಮಳೆ ಬಂದರೆ ಹರಿದಾವು. ಆದುದರಿಂದಲೇ ಪೂರ್ವಿಕರು ಇಳಿಜಾರನ್ನು ಹಿಡಿದು ಏರಿ ಕಟ್ಟಿ, ಮೇಲಣ ಕೆರೆಯ ಕೋಡಿ ಕೆಳಗಣ ಕೆರೆಗೆ ಬೀಳುವಂತೆ ಸರಪಣಿ ಮಾಡಿದರು. ತೂಬನ್ನು ಎತ್ತುವ, ಮುಚ್ಚುವ, ಗದ್ದೆಗದ್ದೆಗೆ ನೀರು ಹಾಯಿಸುವ ಕೆಲಸ ನೀರುಗಂಟಿಯದು. ಬಹುಕಡೆ ಆತ ದಲಿತ ಕುಲದವನು. ಅವನು ನೀರು ಹಾಯಿಸುತ್ತಿದ್ದ ಗದ್ದೆಗಳು ಹೆಚ್ಚಾಗಿ ಅನ್ಯರವು. ಕೊಳವೆಬಾವಿ ಬಂದು, ಅದು ಸಾವಿರ ಅಡಿಗೂ ಕೆಳಗಿಳಿದ ಮೇಲೆ ತೂಬಿಗೆ ಕೆಲಸ ತಪ್ಪಿತು, ಅವನಿಗೂ ತಪ್ಪಿತು. ಕೆರೆಯ ಅಂಗಳದ ಮಣ್ಣು ಇಟ್ಟಿಗೆ ಹೆಂಚುಗಳಾದ ಮಾಲೂರಿನ ಕಥೆ ಬೇರೆಯೇ ಒಂದು ಪ್ರಬಂಧಕ್ಕೆ ವಸ್ತುವಾದೀತು.

ಕರ್ನಾಟಕದ ಕೆರೆ ನೀರಾವರಿಯ ತಂತ್ರವನ್ನು ಸಮಾಜದೃಷ್ಟಿಯಿಂದ ವಿಚಾರಿಸಿದ ಕೃತಿಗಳಲ್ಲಿ ಈಶಾ ಶಾ ಅವರ ‘ಸೋಶಿಯಲ್ ಡಿಸೈನ್ಸ್’ ಗಣ್ಯವಾದುದು. ನೆದರ್ಲೆಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾನಿಲಯದ ಡಾಕ್ಟರೇಟಿಗಾಗಿ ಸಿದ್ಧವಾದ ಈ ಪ್ರಬಂಧ 2003ರಲ್ಲಿ ಪುಸ್ತಕವಾಗಿ ಹೊರಬಂದಿತು. ಕೆರೆಯ ರಚನೆ ಕೇವಲ ಮಣ್ಣುಕಲ್ಲುಗಳ ಲೆಕ್ಕವಲ್ಲ, ಒಡೆಯ-ಆಳು, ಮೇಲು-ಕೀಳುಗಳ ಸಂಬಂಧವೂ ಅದರೊಳಗೆ ಹುದುಗಿದೆ ಎಂಬುದು ಅದರ ನಿಲುವು. 2008ರಲ್ಲಿ ‘ಟೆಕ್ನಾಲಜಿ ಅಂಡ್ ಕಲ್ಚರ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಲೇಖಕಿ ಇನ್ನೂ ಮುಂದೆ ಹೋಗಿದ್ದಾರೆ. ಕೆರೆಗಳು ಸ್ವಯಮಾಡಳಿತದ ಗ್ರಾಮಸಮುದಾಯಗಳ ಸಹಕಾರದ ಫಲವೆಂಬ ನಮ್ಮ ಪ್ರೀತಿಯ ನಂಬಿಕೆಯನ್ನು ಜನಪದ ಕಥನಗಳ ಬಲದಿಂದಲೇ ಅಲ್ಲಗಳೆದು, ಬಲವಂತದ ದುಡಿಮೆಯನ್ನೂ ಹಿಂಸೆಯನ್ನೂ ಮುಂದಿಡುತ್ತಾರೆ. ಈ ವಾದ ಹೊರಟ ಕಾಲವೂ ಗಮನಾರ್ಹ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಕೆರೆ ಪುನಶ್ಚೇತನ ಯೋಜನೆಯು ಅಂಥದೇ ಗ್ರಾಮಸಮುದಾಯವನ್ನು ನಂಬಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಲು ಹೊರಟಿತ್ತು. ಕೋಲಾರವೂ ಅದರ ವ್ಯಾಪ್ತಿಯಲ್ಲಿತ್ತು.

ಈ ನಿಲುವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಪೂರ್ಣವಾಗಿ ಒಪ್ಪಲು ಅಡ್ಡಿಯಾಗುವುದು ಒಂದು ಶಂಕೆ. ಜನಪದ ಕಥನವನ್ನು ಸಾಕ್ಷ್ಯವಾಗಿ ಹಿಡಿದಾಗ ಆ ಸಾಕ್ಷ್ಯದ ಧ್ವನಿಯನ್ನು ನಿರ್ಣಯಿಸುವವರು ಯಾರು? ಕೋಲಾರದ ಕಡೆಯದಲ್ಲವಾದರೂ ಕನ್ನಡಿಗರೆಲ್ಲರೂ ಬಲ್ಲ ‘ಕೆರೆಗೆ ಹಾರ’ವನ್ನೇ ನೋಡಬಹುದು. ಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದೆ ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಓದುವ ನಮಗೆ ಅದು ದೂರು. ಹಾಡುವ ಹೆಂಗಸರಿಗೆ ಅದು ದೂರೋ, ಹರಕೆಯೋ, ಎರಡೂ ಬೆರೆತ ಬೇರೊಂದೋ, ಗ್ರಂಥಾಲಯದಲ್ಲಿ ಕುಳಿತು ತೀರ್ಮಾನಿಸುವ ವಿಷಯವಲ್ಲ. ನಮ್ಮ ತೀರ್ಮಾನವನ್ನು ಹಾಡುವವರ ಮುಂದಿಟ್ಟು, ಅವರು ನಕ್ಕರೆ ನಗಲೆಂದು ಕಾದು ನೋಡಬೇಕು. ಪದವಿಯ ನಂತರ ಪ್ರಬಂಧವನ್ನು ಊರಿಗೆ ಒಯ್ಯಬೇಕೆಂದು ನಾವು ಹೇಳುವುದು ಇಂಥ ಕಾರಣಕ್ಕೆ, ಜನೋದ್ಧಾರದ ಹಂಬಲದಿಂದಲ್ಲ.

ಹಾಗೆ ಒಯ್ಯುವ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ಆದರೆ ಒಯ್ಯುವ ರೀತಿಯಲ್ಲಿ ಒಂದು ದೋಷ ಬೆಳೆದಿದೆ. ಆಂಗ್ಲ ಪ್ರಬಂಧವನ್ನು ಹತ್ತು ಪುಟಗಳ ಕನ್ನಡ ಸಾರಲೇಖವಾಗಿ ಇಳಿಸುವಾಗ ಪೂರ್ವಿಕರ ಜಾಣ್ಮೆ, ಸರಪಣಿ ಕೆರೆಗಳ ಸೊಗಸು, ಹೂಳೆತ್ತುವುದರ ಅಗತ್ಯ ಇವೆಲ್ಲ ಉಳಿಯುತ್ತವೆ. ಯಾರ ಗದ್ದೆಗೆ ಮೊದಲು ನೀರು, ಬರಗಾಲದಲ್ಲಿ ಯಾರ ಪಾಲು ಮೊದಲು ನಿಂತಿತು, ನೀರುಗಂಟಿಗೆ ಸುಗ್ಗಿಯಲ್ಲಿ ಸಲ್ಲಬೇಕಾದ ಧಾನ್ಯ ಯಾವಾಗಿನಿಂದ ತಪ್ಪಿತು ಎಂಬ ಅಧ್ಯಾಯಗಳು ಬಿಟ್ಟುಹೋಗುತ್ತವೆ. ಕಹಿಯೆಲ್ಲ ಇಂಗ್ಲಿಷಿನಲ್ಲಿ ಉಳಿದು ಸಿಹಿ ಮಾತ್ರ ಕನ್ನಡಕ್ಕೆ ಬರುತ್ತದೆ. ಇಂಥ ಸಾರಲೇಖಗಳು ನಮ್ಮ ಕೈಯಿಂದಲೂ ಹೊರಟಿವೆಯೆಂಬುದನ್ನು ಮರೆಮಾಚಲಾರೆವು. ಊರಿನಲ್ಲಿ ಎದುರು ಕುಳಿತವರು ಅಚ್ಚುಕಟ್ಟಿನ ಜಮೀನುದಾರರು. ಅವರ ಮನೆಯ ಕಾಫಿ ಕುಡಿದಾಗಿದೆ. ನಾಲಗೆ ತಾನಾಗಿ ಮೆತ್ತಗಾಗುತ್ತದೆ.

ಹಳ್ಳಿಗರಿಗೆ ಶಾಸ್ತ್ರ ತಿಳಿಯದು, ಆದ್ದರಿಂದ ಸಂಕ್ಷೇಪಿಸಿದೆವು ಎಂಬ ಸಮಾಧಾನವಂತೂ ಇನ್ನು ಸಲ್ಲದು. 2018ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೊಳವೆಮಾರ್ಗವಾಗಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದಿತು. ದಿನಕ್ಕೆ 440 ದಶಲಕ್ಷ ಲೀಟರು ಹರಿಸುವ ಯೋಜನೆಯದು. ಮರುತಿಂಗಳೇ ನೊರೆ ಕಾಣಿಸಿಕೊಂಡಿತು. ವಿವಾದ ಉಚ್ಚ ನ್ಯಾಯಾಲಯವನ್ನೂ ಆಮೇಲೆ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ಎರಡನೆಯ ಹಂತದ ಶುದ್ಧೀಕರಣ ಸಾಕೆ, ಮೂರನೆಯ ಹಂತವೂ ಬೇಕೆ ಎಂಬ ಎಂಜಿನಿಯರುಗಳ ಪ್ರಶ್ನೆಯನ್ನು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಬೀದಿಗೆ ತಂದರು. ನೀರು ಬಂದುದರಿಂದ ಬತ್ತಿದ ಬಾವಿಗಳು ತುಂಬಿದುವೆಂದು ಹರ್ಷಿಸಿದ ರೈತರೂ ಇದ್ದರು. ತಮ್ಮ ಕೆರೆಯ ಮಾತಾದಾಗ ‘ಮೂರನೆಯ ಹಂತ’ವೆಂಬ ಪಾರಿಭಾಷಿಕ ಪದ ಯಾರಿಗೂ ಭಾರವಾಗಲಿಲ್ಲ.

ಭಾಷೆಯ ತೊಡಕೊಂದು ಉಳಿದಿದೆ. ಮೈಸೂರು ವಿಶ್ವವಿದ್ಯಾನಿಲಯದವರು 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳನ್ನು ನಡೆಸಿದಾಗ, ಪಂಡಿತರ ವಿದ್ಯೆಯನ್ನು ಕನ್ನಡದಲ್ಲಿ ಹೇಳುವುದೇ ದೊಡ್ಡ ಹೆಜ್ಜೆಯಾಗಿತ್ತು. ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಅಲ್ಲಿ ಕೆರೆ ‘ಚೆರುವು’, ತೂಬು ‘ತೂಮು’. ಸಂಶೋಧಕನು ತೆಲುಗಿನಲ್ಲಿ ಕೇಳಿ, ಕನ್ನಡದಲ್ಲಿ ಟಿಪ್ಪಣಿ ಮಾಡಿ, ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಹಿಂದಿರುಗುವಾಗ ಕನ್ನಡದವರೆಗೆ ಬಂದು ನಿಂತುಬಿಡುತ್ತಾನೆ. ಮುದ್ರಣಕ್ಕೆ ಕನ್ನಡವೇ ಇರಲಿ. ಸಭೆಯಲ್ಲಿ ಓದಿ ಹೇಳುವಾಗ ತೆಲುಗು ಬಲ್ಲವರೊಬ್ಬರು ಜೊತೆಗಿರುವುದು ಮೇಲು. ಸಭೆಯನ್ನು ದೊಡ್ಡವರ ಜಗಲಿಯಲ್ಲಿ ಕೂಡಿಸದೆ ಏರಿಯ ಮೇಲೆಯೋ ಶಾಲೆಯ ಅಂಗಳದಲ್ಲಿಯೋ ಕೂಡಿಸಿದರೆ ನೀರುಗಂಟಿಯ ಮನೆಯವರೂ ಬಂದು ಕುಳಿತಾರು. ತೂಬಿನ ಅಧ್ಯಾಯವನ್ನು ಮೊದಲು ಅವರಿಗೇ ಓದಿ ಹೇಳಬೇಕು.